ಜಾವಾ ಟ್ಯಾಂಕಿನ ಬಾಗು: ಅಂಗೈಯಿಂದ ಸಮೀಕರಣಕ್ಕೆ

ಮೈಸೂರಿನ ಬೀದಿಗಳಲ್ಲಿ ಇಂದಿಗೂ ಆಗೊಮ್ಮೆ ಈಗೊಮ್ಮೆ ಹಳೆಯ ಜಾವಾ ಮೋಟಾರ್ ಸೈಕಲ್ಲೊಂದು ಕಣ್ಣಿಗೆ ಬೀಳುತ್ತದೆ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಅಭಿಮಾನಿಗಳು ಜಾವಾ ದಿನವೆಂದು ಆಚರಿಸುತ್ತಾರೆ. ಅಂದು ಇವನ್ನು ತೊಳೆದು, ಹೊಳಪು ಕೊಟ್ಟು, ಸಾಲಾಗಿ ರಸ್ತೆಗೆ ತರುತ್ತಾರೆ. ಅಂಥದ್ದೊಂದು ನಿಮಗೆ ಸಿಕ್ಕರೆ ಮಾಲೀಕರ ಒಪ್ಪಿಗೆ ಪಡೆದು ಅದರ ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಗೈ ಇಡಿ. ಹ್ಯಾಂಡಲ್ ಕಡೆಯಿಂದ ಸೀಟಿನ ಕಡೆಗೆ ಮೆಲ್ಲಗೆ ಸವರಿ. ಮುಂದೆ ದುಂಡಗೆ ಉಬ್ಬಿದ ಮೈ ಹಿಂದಕ್ಕೆ ಬರುತ್ತಾ ಸಣ್ಣಗಾಗುತ್ತದೆ. ಮೇಲಿನಿಂದ ಪಕ್ಕಕ್ಕೆ ಇಳಿಯುವಾಗ ಎಲ್ಲಿಯೂ ಒಂದು ಅಂಚು ಸಿಗುವುದಿಲ್ಲ. ಎಲ್ಲಿ ‘ಮೇಲ್ಭಾಗ’ ಮುಗಿಯಿತು, ಎಲ್ಲಿ ‘ಪಕ್ಕ’ ಶುರುವಾಯಿತು ಎಂದು ಕೈಗೆ ತಿಳಿಯುವುದಿಲ್ಲ.

ಈಗ ಒಂದು ಪ್ರಶ್ನೆ. ಈ ಆಕಾರವನ್ನು ದೂರವಾಣಿಯಲ್ಲಿ ಒಬ್ಬರಿಗೆ ವಿವರಿಸಿ, ಅವರು ತಮ್ಮೂರಿನಲ್ಲಿ ಕುಳಿತು ಇದೇ ಟ್ಯಾಂಕನ್ನು ತಯಾರಿಸುವಂತೆ ಮಾಡಬಲ್ಲಿರಾ?

ನೀರಿನ ಕೊಳವೆಯಾಗಿದ್ದರೆ ಸುಲಭ. ವ್ಯಾಸ ಇಷ್ಟು, ಉದ್ದ ಇಷ್ಟು ಎಂದರೆ ಮುಗಿಯಿತು. ಎರಡು ಸಂಖ್ಯೆ ಸಾಕು. ಮೈಸೂರು ಅರಮನೆಯ ಗುಮ್ಮಟವಾದರೂ ಅಷ್ಟು ಕಷ್ಟವಲ್ಲ. ಅದರ ಪಕ್ಕನೋಟದ ಒಂದು ರೇಖೆಯನ್ನು ಕೊಟ್ಟು ‘ಇದನ್ನು ನಡುವಿನ ಅಕ್ಷದ ಸುತ್ತ ತಿರುಗಿಸಿ’ ಎಂದರೆ ಬಹುಮಟ್ಟಿಗೆ ಕೆಲಸವಾಗುತ್ತದೆ. ಟ್ಯಾಂಕಿಗೆ ಅಕ್ಷವಿಲ್ಲ, ವ್ಯಾಸವಿಲ್ಲ. ಎಲ್ಲಿ ಕತ್ತರಿಸಿದರೂ ಬೇರೆ ಬೇರೆ ಆಕಾರ. ಇಂಥ ಮೇಲ್ಮೈಗಳನ್ನು ವಿನ್ಯಾಸಕಾರರು ‘ಮುಕ್ತರೂಪದ ಮೇಲ್ಮೈ’ ಎನ್ನುತ್ತಾರೆ. ಇಂದಿನ ಕ್ಯಾಡ್ ತಂತ್ರಾಂಶಗಳಲ್ಲಿ ಇವನ್ನು ಮೂಡಿಸಲೆಂದೇ ಉಪಕರಣಗಳ ದೊಡ್ಡ ಗುಂಪೊಂದು ಇದೆ. ಆ ಉಪಕರಣಗಳು ಹುಟ್ಟಿದ ಕಥೆಯನ್ನು ನಮ್ಮೂರಿನ ಈ ಟ್ಯಾಂಕನ್ನು ಮುಂದಿಟ್ಟುಕೊಂಡೇ ನೋಡೋಣ.

ಯಾದವಗಿರಿಯ ಕಾರ್ಖಾನೆ

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ವಾಹನ ತಯಾರಿಕೆ ಆರಂಭಿಸಿತು. ವಿನ್ಯಾಸ ಬಂದದ್ದು ಅಂದಿನ ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯಿಂದ. ಎರಡು ಸೈಲೆನ್ಸರ್, ಒಂದೇ ಸನ್ನೆಯಿಂದ ಕಿಕ್ಕನ್ನೂ ಗೇರನ್ನೂ ನಿರ್ವಹಿಸುವ ಜಾಣ ಏರ್ಪಾಟು, ಇಕ್ಕೆಲದಲ್ಲಿ ಮೊಣಕಾಲು ಒತ್ತಲು ರಬ್ಬರ್ ಹಾಳೆ ಅಂಟಿಸಿದ ಹನಿಯಾಕಾರದ ಟ್ಯಾಂಕು: ಇವು ಅದರ ಗುರುತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಒಂದು ಸಣ್ಣ ಸಂಗತಿ. ಈ ವಾಹನದ ಮೂಲ ರೂಪ 1950ರ ದಶಕದ್ದು. ಆಗ ಜಗತ್ತಿನ ಯಾವ ಮೋಟಾರು ಕಾರ್ಖಾನೆಯಲ್ಲಿಯೂ ಟ್ಯಾಂಕಿನಂಥ ಮೈಯನ್ನು ಸಮೀಕರಣವಾಗಿ ಬರೆದಿಡುವ ಪದ್ಧತಿ ಇರಲಿಲ್ಲ. ಹಾಗಾದರೆ ಆ ಆಕಾರ ಎಲ್ಲಿತ್ತು? ಅಚ್ಚಿನಲ್ಲಿ, ಮತ್ತು ಅಚ್ಚು ಮಾಡಿದವನ ಕೈಯಲ್ಲಿ.

ಅಚ್ಚು ಏಕೆ ಬೇಕಾಯಿತು ಎಂಬುದಕ್ಕೆ ಗಣಿತದ ಕಾರಣವೇ ಇದೆ. ಹೋಟೆಲಿನಲ್ಲಿ ದೋಸೆಯನ್ನು ಕೊಳವೆಯಂತೆ ಸುತ್ತಿ ಕೊಡುತ್ತಾರೆ. ಮಕ್ಕಳಿದ್ದರೆ ಟೋಪಿಯಂತೆ ಶಂಕುವಾಗಿ ನಿಲ್ಲಿಸಿ ಕೊಡುವುದೂ ಉಂಟು. ಆದರೆ ದೋಸೆಯನ್ನು ಹರಿಯದೆ, ಮಡಿಕೆ ಬೀಳಿಸದೆ ಚೆಂಡಿನ ಮೇಲೆ ಹೊದಿಸಿ ನೋಡಿ. ಆಗುವುದಿಲ್ಲ. ಚಪ್ಪಟೆ ಹಾಳೆಯನ್ನು ಹಿಗ್ಗಿಸದೆ ಒಂದು ದಿಕ್ಕಿನಲ್ಲಿ ಬಾಗಿಸಬಹುದು, ಎರಡು ದಿಕ್ಕಿನಲ್ಲಿ ಒಟ್ಟಿಗೆ ಬಾಗಿಸಲಾಗದು. ಜರ್ಮನಿಯ ಗಣಿತಜ್ಞ ಗಾಸ್ 1827ರಲ್ಲಿ ಪ್ರಕಟಿಸಿದ ಪ್ರಮೇಯದ ತಿರುಳು ಇದೇ. ಟ್ಯಾಂಕಿನ ಮೈ ಎರಡೂ ದಿಕ್ಕಿನಲ್ಲಿ ಬಾಗಿದೆ. ಆದ್ದರಿಂದ ಉಕ್ಕಿನ ತಗಡನ್ನು ಬಾಗಿಸಿದರೆ ಸಾಲದು, ಎಳೆದು ಹಿಗ್ಗಿಸಬೇಕು. ಗಂಡು ಅಚ್ಚು, ಹೆಣ್ಣು ಅಚ್ಚುಗಳ ನಡುವೆ ತಗಡನ್ನಿಟ್ಟು ಭಾರೀ ಪ್ರೆಸ್ಸಿನಿಂದ ಒತ್ತುವುದು ಅದಕ್ಕಾಗಿ. ಹಾಗೆ ಒತ್ತಿದ ಭಾಗಗಳನ್ನು ಅಂಚುಗೂಡಿಸಿ ಬೆಸುಗೆ ಹಾಕಿದರೆ ಟ್ಯಾಂಕು.

ಆ ಕಾಲದಲ್ಲಿ ಅಚ್ಚು ತಯಾರಾಗುತ್ತಿದ್ದ ರೀತಿ ಹೀಗೆ. ವಿನ್ಯಾಸಕಾರ ಜೇಡಿಯಲ್ಲೋ ಮರದಲ್ಲೋ ಪೂರ್ಣ ಗಾತ್ರದ ಮಾದರಿ ಮಾಡುತ್ತಿದ್ದ. ಅದನ್ನು ಅಲ್ಲಲ್ಲಿ ಅಳೆದು, ಅಡ್ಡಕೊಯ್ತದ ಆಕಾರಕ್ಕೆ ತಗಡಿನ ಮಾದರಿಪಟ್ಟಿಗಳನ್ನು ಕತ್ತರಿಸುತ್ತಿದ್ದರು. ನಕ್ಷೆಯಲ್ಲಿ ಇರುತ್ತಿದ್ದುದು ಈ ಕೆಲವು ಅಡ್ಡಕೊಯ್ತಗಳು ಮಾತ್ರ. ಎರಡು ಕೊಯ್ತಗಳ ನಡುವಿನ ಮೈ ಹೇಗಿರಬೇಕು ಎಂಬುದನ್ನು ನಕ್ಷೆ ಹೇಳುತ್ತಿರಲಿಲ್ಲ. ಅದನ್ನು ತುಂಬುತ್ತಿದ್ದವನು ಮಾದರಿ ಮಾಡುವ ಬಡಗಿ. ಆ ಮರದ ಮಾದರಿಯ ಮೇಲೆ ಒಂದು ಸ್ಪರ್ಶಕಡ್ಡಿ ಓಡಾಡಿದಂತೆಲ್ಲ ಪಕ್ಕದಲ್ಲಿ ಉಕ್ಕಿನ ಗಟ್ಟಿಯನ್ನು ಕೊರೆಯುವ ನಕಲು ಮಿಲ್ಲಿಂಗ್ ಯಂತ್ರ ಅಚ್ಚನ್ನು ಮೂಡಿಸುತ್ತಿತ್ತು. ಅಲ್ಲಿಗೂ ಮುಗಿಯಲಿಲ್ಲ. ಒತ್ತಿದ ತಗಡು ಪ್ರೆಸ್ಸಿನಿಂದ ಹೊರಬಂದೊಡನೆ ಸ್ವಲ್ಪ ಹಿಂದಕ್ಕೆ ಸೆಟೆಯುತ್ತದೆ. ಹೀಗಾಗಿ ಅಚ್ಚಿಗೆ ನೀಲಿ ಬಣ್ಣ ಬಳಿದು, ಒತ್ತಿ, ಎಲ್ಲಿ ತಾಗಿತು ಎಲ್ಲಿ ತಾಗಲಿಲ್ಲ ಎಂದು ನೋಡಿ, ಅರದಿಂದ ಕೂದಲೆಳೆಯಷ್ಟು ಉಜ್ಜುವ ಕೆಲಸ ವಾರಗಟ್ಟಲೆ ನಡೆಯುತ್ತಿತ್ತು. ಕೊನೆಗೆ ಉಳಿಯುವ ಅಚ್ಚು ನಕ್ಷೆಗೂ ಮರದ ಮಾದರಿಗೂ ಸ್ವಲ್ಪ ಸ್ವಲ್ಪ ಬೇರೆ. ಆ ವ್ಯತ್ಯಾಸ ಯಾವ ಕಾಗದದಲ್ಲಿಯೂ ದಾಖಲಾಗುತ್ತಿರಲಿಲ್ಲ.

ಅಟ್ಟದ ಮೇಲಿನ ಪಟ್ಟಿ

ಬಾಗಿದ ಮೈಯ ತೊಂದರೆಯನ್ನು ಮೋಟಾರು ಕಾರ್ಖಾನೆಗಳಿಗಿಂತ ಬಹಳ ಮೊದಲೇ ಕಂಡವರು ಹಡಗು ಕಟ್ಟುವವರು. ಅವರು ವಿಶಾಲವಾದ ಅಟ್ಟದ ನೆಲದ ಮೇಲೆ ಹಡಗಿನ ಗೆರೆಗಳನ್ನು ಪೂರ್ಣ ಗಾತ್ರದಲ್ಲಿ ಎಳೆಯುತ್ತಿದ್ದರು. ಬಳುಕುವ ತೆಳು ಮರದ ಪಟ್ಟಿಯೊಂದನ್ನು ಗೊತ್ತಾದ ಬಿಂದುಗಳ ಮೂಲಕ ಹಾಯಿಸಿ, ಸೀಸದ ಭಾರಗಳಿಂದ ಅದುಮಿ, ಅದರ ಅಂಚಿನಗುಂಟ ಗೆರೆ ಎಳೆದರೆ ನುಣುಪಾದ ವಕ್ರರೇಖೆ ಸಿದ್ಧ. ಈ ಪಟ್ಟಿಯ ಹೆಸರೇ ಸ್ಪ್ಲೈನ್. ಪಟ್ಟಿಗೆ ಗಣಿತ ಗೊತ್ತಿಲ್ಲ, ನಿಜ. ಆದರೆ ಅದು ತನ್ನಲ್ಲಿ ಸೇರುವ ಬಾಗುವಿಕೆಯ ಶಕ್ತಿ ಆದಷ್ಟು ಕಡಿಮೆಯಾಗುವಂತೆ ನಿಲ್ಲುತ್ತದೆ. ಬಾಗು ಅಲ್ಪವಾಗಿದ್ದಾಗ ಎರಡು ಭಾರಗಳ ನಡುವೆ ಅದು ತಳೆಯುವ ರೂಪ ಮೂರನೆಯ ಘಾತದ ಬಹುಪದಿ. ಐಸಾಕ್ ಶೋನ್‌ಬರ್ಗ್ ಎಂಬ ಗಣಿತಜ್ಞ 1946ರಲ್ಲಿ ಇಂಥ ತುಂಡು ತುಂಡು ಬಹುಪದಿಗಳನ್ನು ಕುರಿತು ಬರೆದಾಗ ಮರದ ಪಟ್ಟಿಯ ಹೆಸರನ್ನೇ ಅವಕ್ಕಿಟ್ಟ.

ಹಡಗಿನಿಂದ ಈ ಅಟ್ಟದ ವಿದ್ಯೆ ವಿಮಾನಕ್ಕೆ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರಾಯ್ ಲೈಮಿಂಗ್ ವಿಮಾನದ ಒಡಲಿನ ಗೆರೆಗಳನ್ನು ಪಟ್ಟಿಯ ಬದಲು ಶಂಕುಜಗಳಿಂದ, ಅಂದರೆ ನೀವು ಪಿಯುಸಿಯಲ್ಲಿ ಓದುವ ದೀರ್ಘವೃತ್ತ, ಪರವಲಯ, ಅತಿಪರವಲಯಗಳ ತುಣುಕುಗಳಿಂದ ಲೆಕ್ಕ ಹಾಕುವ ಕ್ರಮವನ್ನು ರೂಪಿಸಿದ. ಲಾಭ ಸ್ಪಷ್ಟವಾಗಿತ್ತು. ಪಟ್ಟಿಯಿಂದ ಎಳೆದ ಗೆರೆಯನ್ನು ಇನ್ನೊಂದು ಕಾರ್ಖಾನೆಗೆ ಕಳಿಸಬೇಕಾದರೆ ಗೆರೆಯ ನಕಲನ್ನೇ ಕಳಿಸಬೇಕು. ಅಂಕಿಗಳನ್ನು ತಂತಿಯಲ್ಲಿಯೂ ಕಳಿಸಬಹುದು!

ನಮ್ಮ ರಾಜ್ಯದಲ್ಲಿ ಈ ಸಮಸ್ಯೆಯನ್ನು ಎದುರಿಸಿದವರು ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯವರು. 1940ರಲ್ಲಿ ಆರಂಭವಾದ ಆ ಕಾರ್ಖಾನೆಯಲ್ಲಿ ಮೈಸೂರು ಸಂಸ್ಥಾನವೂ ಪಾಲುದಾರ. ಜರ್ಮನಿಯ ಕುರ್ಟ್ ಟಾಂಕ್ 1956ರಲ್ಲಿ ಅಲ್ಲಿಗೆ ಬಂದು ಮರುತ್ ಯುದ್ಧವಿಮಾನದ ವಿನ್ಯಾಸಕ್ಕೆ ಕೈಹಾಕಿದ. ಮೈಯ ಆಕಾರ ಗಾಳಿಯಲ್ಲಿ ಹೇಗೆ ವರ್ತಿಸುತ್ತದೆಂದು ತಿಳಿಯಲು ಅವರು ಮಾಡಿದ್ದೇನು ಗೊತ್ತೆ? ಎಂಜಿನ್ನಿಲ್ಲದ, ಮರದ, ಪೂರ್ಣ ಗಾತ್ರದ ಗ್ಲೈಡರೊಂದನ್ನು ಕಟ್ಟಿ 1959ರಲ್ಲಿ ಹಾರಿಸಿದರು. ಲೋಹದ ಮರುತ್ ಮೊದಲು ಹಾರಿದ್ದು 1961ರ ಜೂನ್‌ನಲ್ಲಿ. ಯಾದವಗಿರಿಯಲ್ಲಿ ಜಾವಾ ತಯಾರಾಗತೊಡಗಿದ ವರ್ಷವೂ ಅದೇ. ಎರಡರ ಮೈಯೂ ಗಣಕಪೂರ್ವ ಯುಗದ್ದು.

ಪ್ಯಾರಿಸ್ಸಿನ ಎರಡು ಕಾರ್ಖಾನೆಗಳು

ಇದೇ ಹೊತ್ತಿಗೆ ಫ್ರಾನ್ಸಿನಲ್ಲಿ ಒಂದು ವಿಚಿತ್ರ ನಡೆಯಿತು. ಸಿಟ್ರೊಯೆನ್ ಕಾರು ಕಂಪನಿ 1958ರಲ್ಲಿ ಪಾಲ್ ದ ಕಾಸ್ಟೆಲ್ಯೋ ಎಂಬ ಯುವ ಗಣಿತಜ್ಞನನ್ನು ಕೆಲಸಕ್ಕೆ ಸೇರಿಸಿಕೊಂಡಿತು. ಅಂಕಿಗಳಿಂದ ನಡೆಯುವ ಕೊರೆಯುವ ಯಂತ್ರಗಳು ಆಗ ಬರತೊಡಗಿದ್ದವು. ಯಂತ್ರಕ್ಕೆ ಅಂಕಿ ಬೇಕು, ಕಾರಿನ ಮೈಗೆ ಅಂಕಿ ಇಲ್ಲ, ಇದೇ ತೊಡಕು. ಕಾಸ್ಟೆಲ್ಯೋ ಒಂದೇ ವರ್ಷದಲ್ಲಿ ಉಪಾಯ ಕಂಡುಹಿಡಿದ. ಕಂಪನಿ ಅದನ್ನು ಗುಟ್ಟಾಗಿಟ್ಟಿತು.

ಕೆಲವೇ ವರ್ಷಗಳಲ್ಲಿ, ಅದೇ ಪ್ಯಾರಿಸ್ಸಿನ ರೆನೋ ಕಂಪನಿಯಲ್ಲಿ ಪಿಯೇರ್ ಬೆಜಿಯೇ ಎಂಬ ಹಿರಿಯ ಯಂತ್ರಶಿಲ್ಪಿ ಸ್ವತಂತ್ರವಾಗಿ ಅದೇ ವಕ್ರರೇಖೆಗೆ ಬಂದು ತಲುಪಿದ. 1910ರಲ್ಲಿ ಹುಟ್ಟಿದ ಈತ 1933ರಿಂದ 1975ರವರೆಗೆ ರೆನೋದಲ್ಲಿ ದುಡಿದವನು. ತನ್ನ ಕ್ರಮವನ್ನು ಪ್ರಕಟಿಸಲು ಅವನಿಗೆ ಅಡ್ಡಿಯಿರಲಿಲ್ಲ. ಹೀಗಾಗಿ ಜಗತ್ತು ಆ ರೇಖೆಯನ್ನು ಬೆಜಿಯೇ ರೇಖೆ ಎಂದು ಕರೆಯಿತು. ಮುಂದೆ ಕಾಸ್ಟೆಲ್ಯೋನ ಹಳೆಯ ವರದಿಗಳು ಬೆಳಕಿಗೆ ಬಂದಾಗ ರೇಖೆಯನ್ನು ರಚಿಸುವ ವಿಧಾನಕ್ಕೆ ಅವನ ಹೆಸರಿಟ್ಟು ಸಾಲ ತೀರಿಸಿದರು. ಕಾಸ್ಟೆಲ್ಯೋ ತೀರಿಕೊಂಡದ್ದು 2022ರಲ್ಲಿ. ಗುಟ್ಟು ಕಾಯ್ದುಕೊಂಡ ಕಂಪನಿಗೆ ಅದರಿಂದ ಎಷ್ಟು ಲಾಭವಾಯಿತೋ, ವಿಜ್ಞಾನಿಗಂತೂ ಹೆಸರು ಹೋಯಿತು.

ವಿಧಾನ ಎಷ್ಟು ಸರಳವೆಂದರೆ ನಿಮ್ಮ ಪ್ರೌಢಶಾಲೆಯ ವಿದ್ಯಾರ್ಥಿಗಳೂ ನಕ್ಷೆಕಾಗದದ ಮೇಲೆ ಮಾಡಬಹುದು. ಟ್ಯಾಂಕಿನ ಪಕ್ಕನೋಟದಂಥ ಒಂದು ಗೆರೆ ಬೇಕೆಂದುಕೊಳ್ಳಿ. ನಾಲ್ಕು ಬಿಂದು ಗುರುತಿಸಿ: (0, 0), (2, 6), (8, 6), (10, 0). ಇವು ನಿಯಂತ್ರಣ ಬಿಂದುಗಳು. ಅನುಕ್ರಮವಾಗಿ ಸರಳರೇಖೆಗಳಿಂದ ಸೇರಿಸಿ. ಮೂರೂ ರೇಖೆಗಳ ಮಧ್ಯಬಿಂದು ಹಿಡಿಯಿರಿ: (1, 3), (5, 6), (9, 3). ಇವನ್ನು ಸೇರಿಸುವ ಎರಡು ರೇಖೆಗಳ ಮಧ್ಯಬಿಂದು: (3, 4.5), (7, 4.5). ಇವೆರಡರ ಮಧ್ಯಬಿಂದು (5, 4.5). ಈ ಕೊನೆಯ ಬಿಂದು ನಮ್ಮ ವಕ್ರರೇಖೆಯ ಮೇಲಿದೆ. ಮಧ್ಯಬಿಂದುವಿನ ಬದಲು ಎಲ್ಲ ರೇಖೆಗಳನ್ನೂ ಕಾಲು ಭಾಗದಲ್ಲಿ, ಮುಕ್ಕಾಲು ಭಾಗದಲ್ಲಿ ಹೀಗೆಯೇ ವಿಭಜಿಸುತ್ತಾ ಹೋದರೆ ಬೇರೆ ಬೇರೆ ಬಿಂದುಗಳು ಸಿಗುತ್ತವೆ. ಸೇರಿಸಿದರೆ ನುಣುಪಾದ ಉಬ್ಬು.

ಈಗ ಎರಡನೆಯ ಬಿಂದುವನ್ನು ಮಾತ್ರ (2, 6)ರಿಂದ (4, 6)ಕ್ಕೆ ಸರಿಸಿ ಮತ್ತೆ ಲೆಕ್ಕ ಹಾಕಿ. ನಡುಬಿಂದು (5.75, 4.5) ಆಗುತ್ತದೆ. ಎತ್ತರ ಬದಲಾಗಲಿಲ್ಲ, ಉಬ್ಬು ಬಲಕ್ಕೆ ವಾಲಿತು, ತುದಿಗಳು ಇದ್ದಲ್ಲೇ ಇವೆ. ಬೆಜಿಯೇಯ ಜಾಣ್ಮೆ ಇರುವುದು ಇಲ್ಲಿ. ಸಮೀಕರಣದ ಗುಣಾಂಕಗಳನ್ನು ತಿದ್ದು ಎಂದರೆ ಯಾವ ವಿನ್ಯಾಸಕಾರನೂ ಓಡಿಹೋಗುತ್ತಾನೆ. ಬಿಂದುವನ್ನು ಹಿಡಿದು ಎಳೆ, ರೇಖೆ ಹಿಂದೆಯೇ ಬರುತ್ತದೆ ಎಂದರೆ ಕೂರುತ್ತಾನೆ. ಇದರ ಹಿಂದಿರುವ ಬಹುಪದಿಗಳನ್ನು ರಷ್ಯದ ಬರ್ನ್‌ಸ್ಟೈನ್ 1912ರಲ್ಲೇ ಒಂದು ಸಾಧನೆಗಾಗಿ ಬರೆದಿದ್ದ. ಕಾರಿನ ಬಾನೆಟ್ಟಿಗೆ ಅದು ಬಳಕೆಯಾದೀತೆಂದು ಅವನು ಕನಸಿನಲ್ಲಿಯೂ ಎಣಿಸಿರಲಾರ.

ರೇಖೆಯಿಂದ ಮೇಲ್ಮೈಗೆ ಹೋಗುವುದು ಒಂದೇ ಹೆಜ್ಜೆ. ನಾಲ್ಕು ಬಿಂದುಗಳ ಬದಲು ನಾಲ್ಕು ಸಾಲುಗಳಲ್ಲಿ ಹದಿನಾರು ಬಿಂದುಗಳ ಬಲೆ ಕಟ್ಟಿ. ಒಂದೊಂದು ಸಾಲೂ ಒಂದು ರೇಖೆ ಕೊಡುತ್ತದೆ. ಆ ನಾಲ್ಕು ರೇಖೆಗಳಲ್ಲಿ ಒಂದೇ ಭಾಗದಲ್ಲಿರುವ ನಾಲ್ಕು ಬಿಂದುಗಳನ್ನು ಹೊಸ ನಿಯಂತ್ರಣ ಬಿಂದುಗಳೆಂದು ತೆಗೆದುಕೊಂಡು ಅಡ್ಡಡ್ಡ ಇನ್ನೊಂದು ರೇಖೆ ಎಳೆಯಿರಿ. ಆ ಭಾಗ ಬದಲಾದಂತೆ ಅಡ್ಡರೇಖೆ ಜರುಗಿ ಒಂದು ತೇಪೆಯಷ್ಟು ಮೈ ಮೂಡುತ್ತದೆ. ನಲವತ್ತೆಂಟು ಸಂಖ್ಯೆಗಳಲ್ಲಿ ಒಂದು ತೇಪೆ! ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂಯೆಲ್ 1975ರಲ್ಲಿ ತನ್ನ ಮನೆಯ ಚಹಾ ಕುಡಿಕೆಯನ್ನು ಹೀಗೆ ತೇಪೆಗಳಲ್ಲಿ ಗಣಕಕ್ಕೆ ಏರಿಸಿದ್ದು ಇಂದಿಗೂ ಗಣಕ ಚಿತ್ರಣದ ಪಾಠಗಳಲ್ಲಿ ಬರುತ್ತದೆ.

ಟ್ಯೂಬ್‌ಲೈಟ್ ಪರೀಕ್ಷೆ

ಒಂದು ತೇಪೆಯಿಂದ ಟ್ಯಾಂಕು ಆಗದು, ಹಲವು ಬೇಕು. ತೇಪೆ ಎಂದಮೇಲೆ ಹೊಲಿಗೆ ಇದ್ದೇ ಇದೆ. ಹೊಲಿಗೆ ಕಾಣದಂತೆ ಸೇರಿಸುವುದೇ ಈ ವಿದ್ಯೆಯ ನಿಜವಾದ ಕಷ್ಟ, ಮತ್ತು ಹೊಸಬರು ಎಡವುವುದೂ ಅಲ್ಲೇ.

ಎರಡು ತೇಪೆಗಳ ಅಂಚುಗಳು ಒಂದನ್ನೊಂದು ಮುಟ್ಟಿದರೆ ಬಿರುಕಿಲ್ಲ ಅಷ್ಟೆ, ಏಣು ಇರಬಹುದು. ಅಂಚಿನಲ್ಲಿ ಸ್ಪರ್ಶತಲಗಳೂ ಒಂದೇ ಆದರೆ ಏಣು ಹೋಗುತ್ತದೆ. ಇಷ್ಟು ಸಾಕಲ್ಲವೆ ಎನ್ನುತ್ತೀರಿ. ಸಾಲದು. ಸರಳರೇಖೆಗೆ ಒಂದು ವೃತ್ತದ ತುಣುಕನ್ನು ಸ್ಪರ್ಶಕವಾಗಿ ಜೋಡಿಸಿದರೂ ಅಲ್ಲಿ ವಕ್ರತೆ ಸೊನ್ನೆಯಿಂದ ಹಠಾತ್ತನೆ ಜಿಗಿಯುತ್ತದೆ. ಬರಿಗಣ್ಣಿಗೆ ಆ ಜಿಗಿತ ಕಾಣದು, ಆದರೆ ಹೊಳೆಯುವ ಬಣ್ಣ ಚಾಡಿ ಹೇಳಿಬಿಡುತ್ತದೆ. ಟ್ಯಾಂಕನ್ನು ಉದ್ದನೆಯ ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ ಅದರ ಪ್ರತಿಬಿಂಬ ನೋಡಿ. ಸ್ಪರ್ಶತಲ ಮಾತ್ರ ಕೂಡಿದ್ದರೆ ಬೆಳಕಿನ ಗೆರೆ ಆ ಹೊಲಿಗೆಯಲ್ಲಿ ಮೊಣಕೈಯಂತೆ ಮುರಿಯುತ್ತದೆ. ವಕ್ರತೆಯೂ ಕೂಡಿದ್ದರೆ ಗೆರೆ ಮುರಿಯದೆ ಹರಿಯುತ್ತದೆ. ಕ್ಯಾಡ್ ತಂತ್ರಾಂಶಗಳಲ್ಲಿ ಮೈಮೇಲೆ ಕಪ್ಪು ಬಿಳಿ ಪಟ್ಟೆಗಳನ್ನು ಬೀಳಿಸಿ ನೋಡುವ ಉಪಕರಣ ಇದೇ ಪರೀಕ್ಷೆ. ಟ್ಯೂಬ್‌ಲೈಟ್ ಪರದೆಯ ಒಳಗೆ ಬಂದಿದೆ, ಅಷ್ಟೇ.

ಇಲ್ಲಿಯೇ ಬೆಜಿಯೇ ರೇಖೆಗೆ ಎರಡು ಮಿತಿಗಳು ಕಂಡವು. ಒಂದು, ಉದ್ದನೆಯ ರೇಖೆಗೆ ಹೆಚ್ಚು ಬಿಂದುಗಳನ್ನು ಕೊಟ್ಟರೆ ಒಂದನ್ನು ಸರಿಸಿದಾಗ ಇಡೀ ರೇಖೆ ಅಲುಗುತ್ತದೆ. 1972ರ ಸುಮಾರಿಗೆ ಕಾರ್ಲ್ ದ ಬೂರ್ ಮತ್ತು ಮಾರಿಸ್ ಕಾಕ್ಸ್ ಪ್ರತ್ಯೇಕವಾಗಿ ತೋರಿಸಿದ ಲೆಕ್ಕದ ಕ್ರಮದಿಂದ ಬಿ-ಸ್ಪ್ಲೈನ್‌ಗಳು ಬಳಕೆಗೆ ಬಂದವು. ಇವುಗಳಲ್ಲಿ ಬಿಂದುವಿನ ಪ್ರಭಾವ ನೆರೆಹೊರೆಯವರೆಗೆ ಮಾತ್ರ. ಇನ್ನೊಂದು ಮಿತಿ ಕೇಳಿದರೆ ನಗು ಬರಬಹುದು: ಇಷ್ಟೆಲ್ಲ ಬಾಗು ಬಲ್ಲ ರೇಖೆಗೆ ಒಂದು ವೃತ್ತ ಬರೆಯಲು ಬರುವುದಿಲ್ಲ. ಘನ ಬೆಜಿಯೇ ರೇಖೆಯಿಂದ ಕಾಲು ವೃತ್ತವನ್ನು ಎಷ್ಟು ಚೆನ್ನಾಗಿ ಎಳೆದರೂ, ತುದಿಗಳೂ ನಡುವೂ ವೃತ್ತದ ಮೇಲಿರುವಂತೆ ನೋಡಿಕೊಂಡರೆ, ತ್ರಿಜ್ಯದಲ್ಲಿ ಸುಮಾರು ಶೇಕಡ 0.027ರಷ್ಟು ತಪ್ಪು ಉಳಿಯುತ್ತದೆ. ಒಂದು ಮೀಟರ್ ತ್ರಿಜ್ಯಕ್ಕೆ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು. ಚಿತ್ರಕ್ಕೆ ಪರವಾಗಿಲ್ಲ, ಬೇರಿಂಗ್ ಕೂರುವ ರಂಧ್ರಕ್ಕೆ ಒಪ್ಪದು. ಪ್ರತಿ ಬಿಂದುವಿಗೂ ಒಂದು ‘ತೂಕ’ ಕೊಟ್ಟು, ಬಹುಪದಿಗಳ ಭಾಗಲಬ್ಧವನ್ನು ಬಳಸಿದರೆ ವೃತ್ತವೂ ಲೈಮಿಂಗನ ಶಂಕುಜಗಳೂ ನಿಖರವಾಗಿ ಬರುತ್ತವೆ. ಮೂರು ಬಿಂದುಗಳ ಕಾಲು ವೃತ್ತಕ್ಕೆ ನಡುಬಿಂದುವಿನ ತೂಕ 1/√2, ಉಳಿದವಕ್ಕೆ 1. ಕೆನೆತ್ ವರ್ಸ್‌ಪ್ರಿಲ್ 1975ರ ತನ್ನ ಪ್ರಬಂಧದಲ್ಲಿ ಇದನ್ನು ಬಿ-ಸ್ಪ್ಲೈನ್‌ಗೆ ಅಳವಡಿಸಿದ. ಇಂದು ನರ್ಬ್ಸ್ ಎಂದು ಕರೆಯುವ ಈ ರೂಪವೇ ಬಹುತೇಕ ಕ್ಯಾಡ್ ತಂತ್ರಾಂಶಗಳ ಒಳಭಾಷೆ.

ನಂತರದ್ದನ್ನು ಬೇಗ ಹೇಳಿಬಿಡಬಹುದು. ಫ್ರಾನ್ಸಿನ ದಸೋ ವಿಮಾನ ಸಂಸ್ಥೆಯಲ್ಲಿ 1977ರಲ್ಲಿ ಆರಂಭವಾದ ಕೆಲಸದಿಂದ ಕ್ಯಾಟಿಯಾ ಹುಟ್ಟಿತು. ಒರಟು ಬಲೆಯೊಂದನ್ನು ಮತ್ತೆ ಮತ್ತೆ ಸೀಳಿ ನುಣುಪುಗೊಳಿಸುವ ಇನ್ನೊಂದು ದಾರಿಯನ್ನು 1978ರಲ್ಲಿ ಕ್ಯಾಟ್ಮಲ್ ಮತ್ತು ಕ್ಲಾರ್ಕ್ ತೋರಿಸಿದರು. ಜೇಡಿಮಣ್ಣಿನಂತೆ ಎಳೆದು ಒತ್ತಿ ರೂಪಿಸುವ ಇಂದಿನ ಎಷ್ಟೋ ಉಪಕರಣಗಳು ಈ ದಾರಿಯವು. ಶಾಲೆಯಲ್ಲಿ ತೋರಿಸಬೇಕೆಂದರೆ ಬ್ಲೆಂಡರ್ ಎಂಬ ಮುಕ್ತ ತಂತ್ರಾಂಶವನ್ನು ಹಣ ಕೊಡದೆ ಅಳವಡಿಸಿಕೊಳ್ಳಬಹುದು. ಎರಡೂ ಬಗೆಯ ಮೈಗಳು ಅದರಲ್ಲಿವೆ. ಬೆಂಗಳೂರಿನಲ್ಲಿ ವಿನ್ಯಾಸಗೊಂಡ ತೇಜಸ್ ವಿಮಾನ 2001ರ ಜನವರಿ 4ರಂದು ಮೊದಲು ಹಾರಿದಾಗ ಮರುತ್ ಹಾರಿ ನಲವತ್ತು ವರ್ಷವಾಗುತ್ತಾ ಬಂದಿತ್ತು. ಅದರ ರೆಕ್ಕೆಗೆ ಇಂಗಾಲದ ಎಳೆಗಳ ಹಾಳೆಗಳನ್ನು ಪದರ ಪದರವಾಗಿ ಹೊದಿಸಬೇಕಿತ್ತು, ಅಂದರೆ ಮತ್ತೆ ಅದೇ ದೋಸೆಯ ಸಮಸ್ಯೆ. ಇಂಥ ಪದರಗಳ ವಿನ್ಯಾಸಕ್ಕೆಂದೇ ಅಲ್ಲಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ಆಟೋಲೇ ಎಂಬ ತಂತ್ರಾಂಶವನ್ನು ಬರೆಯಿತು.

ಮೂಲ ಯಾವುದು?

ಮತ್ತೆ ಯಾದವಗಿರಿಗೆ ಬರೋಣ. ಕಾರ್ಖಾನೆ ಮುಚ್ಚಿದ 1996ರ ಹೊತ್ತಿಗೆ ಜಗತ್ತಿನ ದೊಡ್ಡ ವಾಹನ ಸಂಸ್ಥೆಗಳಲ್ಲಿ ಮೈಯ ಆಕಾರ ಕಡತದಲ್ಲಿ ಇರತೊಡಗಿತ್ತು. ಅಂಥಲ್ಲಿ ಕಾರ್ಖಾನೆ ಮುಚ್ಚಿದರೂ ಕಡತ ಉಳಿಯುತ್ತದೆ. ಅಚ್ಚು ಸವೆದರೆ ಹೊಸದನ್ನು ಕೊರೆಯಬಹುದು. 1950ರ ದಶಕದಲ್ಲಿ ರೂಪುಗೊಂಡ ಹನಿಯಾಕಾರದ ಟ್ಯಾಂಕಿಗೆ ಆ ಭಾಗ್ಯವಿಲ್ಲ. 2018ರ ನವೆಂಬರಿನಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ ಜಾವಾ ಹೆಸರಿನ ವಾಹನವನ್ನು ಮತ್ತೆ ಭಾರತದ ಮಾರುಕಟ್ಟೆಗೆ ತಂದಿತು. ಅದರ ಟ್ಯಾಂಕು ಹಳೆಯದನ್ನು ನೆನಪಿಸುತ್ತದೆ, ಆದರೆ ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಮತ್ತು ಅದು ಹೊಸ ಮೈ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಸವರಿದರೆ ಅಂಗೈಗೆ ವ್ಯತ್ಯಾಸ ತಿಳಿಯುತ್ತದೆ.

ಹಳೆಯ ಟ್ಯಾಂಕನ್ನು ಈಗ ಅಂಕಿಗಳಿಗೆ ಇಳಿಸಲಾಗದೆ? ಇಳಿಸಬಹುದು. ಲೇಸರ್ ಸ್ಕ್ಯಾನರ್ ಅದರ ಮೈಯಿಂದ ಲಕ್ಷಾಂತರ ಬಿಂದುಗಳನ್ನು ಹೆಕ್ಕಿ ಕೊಡುತ್ತದೆ; ಅವುಗಳ ಮೇಲೆ ನರ್ಬ್ಸ್ ತೇಪೆಗಳನ್ನು ಹೊದಿಸುವುದು ಇಂದು ಯಾಂತ್ರಿಕ ವಿಭಾಗದ ವಿದ್ಯಾರ್ಥಿಗೆ ಒಂದು ಪ್ರಾಜೆಕ್ಟಿನ ಕೆಲಸ. ಆದರೆ ಅಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ. ಅರುವತ್ತು ವರ್ಷ ರಸ್ತೆಯಲ್ಲಿ ಓಡಿದ ಟ್ಯಾಂಕು ಎಲ್ಲೋ ತಗ್ಗಿರುತ್ತದೆ, ಯಾರೋ ತಗಡು ಕೆಲಸದವರು ಬಡಿದು ಎಬ್ಬಿಸಿರುತ್ತಾರೆ, ಮೇಲೆ ಪುಟ್ಟಿ ಬಳಿದು ಬಣ್ಣ ಹಾಕಿರುತ್ತಾರೆ. ಸ್ಕ್ಯಾನರಿಗೆ ಕಾಣುವ ಅರ್ಧ ಮಿಲಿಮೀಟರಿನ ತಗ್ಗು ಅಚ್ಚಿನದೋ, ಅಪಘಾತದ್ದೋ, ಸುತ್ತಿಗೆಯದೋ? ತಂತ್ರಾಂಶ ಅದನ್ನು ಹೇಳಲಾರದು. ಎಡಭಾಗವನ್ನು ಕನ್ನಡಿಯಲ್ಲಿ ತಿರುಗಿಸಿ ಬಲಭಾಗಕ್ಕೆ ಹೋಲಿಸುವುದು ಒಂದು ದಾರಿ. ಆದರೆ ಎಡಕ್ಕೊಂದು ಬಲಕ್ಕೊಂದು ಬೇರೆ ಅಚ್ಚುಗಳಿದ್ದು, ಎರಡನ್ನೂ ಕೈಯಿಂದ ಉಜ್ಜಿ ಸರಿಪಡಿಸಿದ್ದರೆ ಅವು ಮೊದಲ ದಿನವೇ ಒಂದೇ ಆಗಿರಲಿಲ್ಲ. ಹತ್ತಾರು ಟ್ಯಾಂಕುಗಳನ್ನು ಸ್ಕ್ಯಾನ್ ಮಾಡಿ ಸರಾಸರಿ ತೆಗೆಯುವುದು ಇನ್ನೊಂದು ದಾರಿ. ಅದಕ್ಕೆ ಬೇಕಾದಷ್ಟು ಹಳೆಯ ಟ್ಯಾಂಕುಗಳು ಮೈಸೂರಿನ ಓಣಿಗಳಲ್ಲಿ ಇನ್ನೂ ಸಿಗುತ್ತವೆ. ನಿಮ್ಮ ಕಾಲೇಜಿನಲ್ಲಿ ಸ್ಕ್ಯಾನರ್ ಇದ್ದರೆ, ಮುಂದಿನ ಜುಲೈನ ಎರಡನೆಯ ಭಾನುವಾರ ಅವೆಲ್ಲ ಒಂದೆಡೆ ಸೇರಿದಾಗ ಅದನ್ನು ಹೊತ್ತು ಅಲ್ಲಿಗೆ ಹೋಗಿ ನೋಡಿ.